ಬೈಲಕುಪ್ಪೆಯಿಂದ ಪುರವರಕ್ಕೆ

ಮಧುಗಿರಿ ತಾಲ್ಲೂಕಿನ ಪುರವರ ಹೋಬಳಿಯ ಹಳ್ಳಿಗಳಲ್ಲಿ ವಾರಕ್ಕೊಂದು ಸಲ ಹೆಂಗಸರ ಸಂಘ ಸೇರುವುದು ಈಗ ಸಂತೆಯಷ್ಟೇ ಮಾಮೂಲು. ದೇವಸ್ಥಾನದ ಕಟ್ಟೆಯ ಮೇಲೋ ಅಂಗನವಾಡಿಯ ಜಗಲಿಯಲ್ಲೋ ಚಾಪೆ ಹಾಸಿ ಹದಿನೈದು ಇಪ್ಪತ್ತು ಮಂದಿ ಸುತ್ತ ಕೂರುತ್ತಾರೆ. ಪುಸ್ತಕ ಬರೆಯುವಾಕೆ ಹೆಸರು ಕೂಗಿದಂತೆ ಒಬ್ಬೊಬ್ಬರೂ ಸೆರಗಿನ ಗಂಟು ಬಿಚ್ಚಿ ವಾರದ ಉಳಿತಾಯ ಕಟ್ಟುತ್ತಾರೆ. ಹಳೇ ಸಾಲದ ಕಂತು ಅದರ ಜೊತೆಗೇ. ಆಮೇಲೆ ಈ ವಾರ ಯಾರಿಗೆ ಸಾಲ ಎಂಬ ಮಾತು. ಒಬ್ಬಾಕೆಗೆ ಕಡ್ಲೆಕಾಯಿ ಬಿತ್ತನೆಗೆ ಬೇಕು, ಇನ್ನೊಬ್ಬಾಕೆಗೆ ಮಗಳ ಕಾಲೇಜು ಫೀಸಿಗೆ. 'ಹೋದ ಸಲದ್ದೇ ಪೂರ್ತಿ ಬಂದಿಲ್ವಲ್ಲಕ್ಕ' ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಠರಾವು ಬರೆಯುತ್ತಾರೆ, ಸಹಿ ಬೀಳುತ್ತದೆ, ಬರೆಯಲು ಬಾರದವರದು ಹೆಬ್ಬೆಟ್ಟು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹೆಂಗಸರಿಗೆ ಈ ಪದ್ಧತಿ ಎಲ್ಲಿಂದ ಬಂತೆಂದು ಕೇಳಿದರೆ ಸರ್ಕಾರದ ಸ್ತ್ರೀಶಕ್ತಿ ಎನ್ನುತ್ತಾರೆ, ಧರ್ಮಸ್ಥಳ ಸಂಘ ಎನ್ನುತ್ತಾರೆ, ಬ್ಯಾಂಕಿನವರು ಎನ್ನುತ್ತಾರೆ. ಮೂರೂ ನಿಜವೇ. ಆದರೆ ಇದರ ಬೇರಿನ ಒಂದು ಎಳೆ ಹಿಡಿದು ಹೋದರೆ ಅದು ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನ ಕಾಡೊಂದಕ್ಕೆ, ಹಿಮಾಲಯ ದಾಟಿ ಬಂದ ನಿರಾಶ್ರಿತರ ಗುಡಾರಗಳಿಗೆ ಕರೆದೊಯ್ಯುತ್ತದೆ.

1959ರ ಮಾರ್ಚ್‌ನಲ್ಲಿ ದಲೈಲಾಮಾ ತಿಬೆಟಿನ ಲಾಸಾ ಬಿಟ್ಟು ಭಾರತಕ್ಕೆ ಬಂದರು. ಅವರ ಬೆನ್ನಿಗೆ ಸುಮಾರು 80,000 ಜನ ಬಂದರು. ಅಸ್ಸಾಮಿನ ಮಿಸ್ಸಾಮಾರಿ, ಬಂಗಾಳದ ಬುಕ್ಸಾ ಶಿಬಿರಗಳಲ್ಲಿ ತಂಪು ನಾಡಿನ ಜನ ಸೆಕೆಗೆ ಬೆಂದರು, ಕ್ಷಯಕ್ಕೆ ಬಲಿಯಾದರು. ಇನ್ನೆಷ್ಟೋ ಮಂದಿ ಹಿಮಾಲಯದ ತಪ್ಪಲಿನಲ್ಲಿ ರಸ್ತೆ ಕೆಲಸದ ಕೂಲಿಗಳಾದರು. ಇವರಿಗೊಂದು ಖಾಯಂ ನೆಲೆ ಕೊಡಿ ಎಂದು ನೆಹರೂ ರಾಜ್ಯಗಳನ್ನು ಕೇಳಿದರು. ಮೈಸೂರು ರಾಜ್ಯ ಬೈಲಕುಪ್ಪೆಯ ಬಳಿ ಸುಮಾರು 3,000 ಎಕರೆ ಕೊಡಲು ಒಪ್ಪಿತು. 1960ರ ಕೊನೆಯ ಹೊತ್ತಿಗೆ ಮೊದಲ ತಂಡ ಬಂದಿಳಿಯಿತು. ಲುಗ್‌ಸುಂಗ್ ಸಂಡುಪ್ಲಿಂಗ್ ಎಂಬ ನೆಲೆ ಹುಟ್ಟಿದ್ದು ಹೀಗೆ.

ತಿಬೆಟನ್ನರು ಇಂದಿಗೂ ನೆನೆಯುವ ಹೆಸರು ಎಸ್. ನಿಜಲಿಂಗಪ್ಪನವರದು. ಆ ನೆನಪಿಗೆ ಕಾರಣವುಂಟು: 1966ರಲ್ಲಿ ಉತ್ತರ ಕನ್ನಡದ ಮುಂಡಗೋಡದಲ್ಲಿ ದೋಗುಲಿಂಗ್ ಎಂಬ ದೊಡ್ಡ ನೆಲೆ ಎದ್ದದ್ದು ಅವರ ಕಾಲದಲ್ಲೇ. ಬೈಲಕುಪ್ಪೆಗೆ ಮೊದಲ ತಂಡ ಬಂದಾಗ ಮಾತ್ರ ಮುಖ್ಯಮಂತ್ರಿಯಾಗಿದ್ದವರು ಬಿ.ಡಿ. ಜತ್ತಿ. ಜತ್ತಿಯವರ ಹೆಸರು ಈ ಕಥೆಯಲ್ಲಿ ಹಿಂದೆ ಸರಿದುಹೋಗಿರುವುದು ಸ್ವಲ್ಪ ಅನ್ಯಾಯವೇ.

ನೆಲ ಸಿಕ್ಕಿತು ಎಂದರೆ ಊರು ಸಿಕ್ಕಿತು ಎಂದಲ್ಲ. ಅದು ಆನೆ ಓಡಾಡುವ ಕಾಡು. ಹಗಲು ಮರ ಕಡಿದು ಬೇರು ಕಿತ್ತು, ರಾತ್ರಿ ಡಬ್ಬ ಬಡಿದು ಆನೆ ಓಡಿಸಬೇಕು. ಯಾಕ್ ಮೇಯಿಸಿ ಬಾರ್ಲಿ ಬೆಳೆದು ಗೊತ್ತಿದ್ದ ಜನಕ್ಕೆ ಮುಸುಕಿನ ಜೋಳ ಹೊಸದು, ಕೆಂಪು ಮಣ್ಣು ಹೊಸದು, ಮುಂಗಾರು ಹೊಸದು. ಇಲ್ಲಿ ಯಾರು ಏನು ಮಾಡಬೇಕು ಎಂಬುದೇ ಮೊದಲ ಪ್ರಶ್ನೆಯಾಯಿತು. ನೆಲ ರಾಜ್ಯದ್ದು. ಕಾಡು ಕಡಿಯಲು, ಮನೆ ಕಟ್ಟಲು ಹಣ ಕೇಂದ್ರದ್ದು. ಟ್ರ್ಯಾಕ್ಟರು, ಯಂತ್ರ, ಬೇಸಾಯದ ತಿಳಿವಳಿಕೆಗೆ ಸ್ವಿಟ್ಜರ್ಲೆಂಡಿನ ತಾಂತ್ರಿಕ ನೆರವು ಬಂತು. ಜನರ ನಿತ್ಯದ ಬೇಕು ಬೇಡ ನೋಡಿಕೊಳ್ಳಲು ದಲೈಲಾಮಾ ಅವರ ಆಡಳಿತ ನೇಮಿಸಿದ ಸೆಟ್ಲ್‌ಮೆಂಟ್ ಅಧಿಕಾರಿ. ಬೆಳೆದದ್ದನ್ನು ಕೊಳ್ಳಲು, ಗೊಬ್ಬರ ಬೀಜ ಕೊಡಲು ತಿಬೆಟನ್ನರದೇ ಸಹಕಾರ ಸಂಘ. ಇಷ್ಟು ಕೈಗಳು ಒಂದೇ ಹೊಲಕ್ಕೆ ಇಳಿದರೆ ಒಬ್ಬರ ನೇಗಿಲು ಇನ್ನೊಬ್ಬರ ಕಾಲಿಗೆ ತಾಗದಂತೆ ನೋಡಿಕೊಳ್ಳುವವರು ಬೇಕೇ ಬೇಕು.

ಆ ಕೆಲಸಕ್ಕೆಂದೇ 1968ರಲ್ಲಿ ಒಂದು ಸಂಸ್ಥೆ ಹುಟ್ಟಿತು. ಮೈಸೂರು ರೀಸೆಟ್ಲ್‌ಮೆಂಟ್ ಅಂಡ್ ಡೆವಲಪ್‌ಮೆಂಟ್ ಏಜೆನ್ಸಿ ಎಂಬ ಉದ್ದದ ಹೆಸರು ಜನರ ಬಾಯಲ್ಲಿ 'ಮೈರಾಡ' ಆಯಿತು. ಬೈಲಕುಪ್ಪೆಯಲ್ಲಿ 1969ರಲ್ಲಿ ಎರಡನೇ ನೆಲೆ ಡಿಕ್ಕಿ ಲಾರ್ಸೋ ಶುರುವಾಯಿತು, 1970ರ ದಶಕದ ಮೊದಲ ವರ್ಷಗಳಲ್ಲಿ ಹುಣಸೂರಿನ ಗುರುಪುರದಲ್ಲಿ ಮತ್ತೊಂದು, ಆಮೇಲೆ ಕೊಳ್ಳೇಗಾಲದ ಆಚೆ ಒಡೆಯರಪಾಳ್ಯದಲ್ಲಿ ಇನ್ನೊಂದು. ಸರ್ಕಾರ, ವಿದೇಶಿ ದಾನಿಗಳು, ತಿಬೆಟನ್ ಆಡಳಿತ ಇವರೆಲ್ಲರ ನಡುವೆ ಓಡಾಡುತ್ತ ಮೈರಾಡ ಸುಮಾರು 15,000 ನಿರಾಶ್ರಿತರ ಪುನರ್ವಸತಿಗೆ ಕೈಹಾಕಿತು.

ಇಷ್ಟರಲ್ಲಿ ಬೇಲಿಯ ಆಚೆ ಇದ್ದವರ ಮಾತು ಏಳದೆ ಇರುತ್ತದೆಯೇ? ಕಡತದಲ್ಲಿ 'ಅರಣ್ಯ' ಎಂದು ಬರೆದ ನೆಲ ಸೌದೆಗೆ, ಮೇವಿಗೆ, ಜೇನಿಗೆ ಹೋಗುತ್ತಿದ್ದವರ ಪಾಲಿಗೆ ಖಾಲಿ ನೆಲವಾಗಿರಲಿಲ್ಲ. ಬೇಲಿಯೊಳಗೆ ಟ್ರ್ಯಾಕ್ಟರ್, ಆಸ್ಪತ್ರೆ, ಶಾಲೆ. ಹೊರಗೆ ಮಳೆ ನಂಬಿದ ತುಂಡು ಹೊಲ. 1960ರ ದಶಕದಲ್ಲೇ ಬೈಲಕುಪ್ಪೆಯಲ್ಲಿ ನೆಲೆಸಿ ಅಧ್ಯಯನ ಮಾಡಿದ ಅಮೆರಿಕದ ಮಾನವಶಾಸ್ತ್ರಜ್ಞ ಮೆಲ್ವಿನ್ ಗೋಲ್ಡ್‌ಸ್ಟೀನ್ ನೋಡಿದ್ದು ಬೇರೊಂದು ಮುಖ: ಸುತ್ತಲಿನ ಹಳ್ಳಿಗರ ಉಳುವ ನೆಲವನ್ನು ತಿಬೆಟನ್ನರು ಕಸಿದಿರಲಿಲ್ಲ, ಅವರ ಹೊಲದಲ್ಲಿ ಹಳ್ಳಿಗರಿಗೆ ಕೂಲಿ ಸಿಗುತ್ತಿತ್ತು, ಅವರ ಕೈಯ ದುಡ್ಡು ಹತ್ತಿರದ ಪೇಟೆಗೆ ಹರಿಯುತ್ತಿತ್ತು. ಎರಡೂ ಒಟ್ಟಿಗೇ ನಿಜವಾಗಿರಬಲ್ಲವು. ಪೇಟೆಯ ಅಂಗಡಿಯವನಿಗೆ ಬಂದ ಲಾಭ ಕಾಡಂಚಿನ ಜೇನುಕುರುಬರಿಗೆ ಬಂತು ಎಂದು ಹೇಳಲಾಗದು.

ಈ ಅಂತರವನ್ನು ಹತ್ತಿರದಿಂದ ಕಂಡದ್ದರಿಂದಲೋ ಏನೋ, 1980ರ ದಶಕದ ಹೊಸ್ತಿಲಲ್ಲಿ ತಿಬೆಟನ್ನರ ಕೆಲಸ ಮುಗಿಯುತ್ತ ಬಂದಾಗ ಮೈರಾಡ ಬಾಗಿಲು ಹಾಕಲಿಲ್ಲ. 1982ರಲ್ಲಿ ಸಂಸ್ಥೆಯ ಚುಕ್ಕಾಣಿ ಹಿಡಿದವರು ಅಲೋಶಿಯಸ್ ಪ್ರಕಾಶ್ ಫರ್ನಾಂಡಿಸ್, ಮುಂದೆ 2000ದಲ್ಲಿ ಪದ್ಮಶ್ರೀ ಪಡೆದವರು. ಅತಿಥಿಗಳಿಗಾಗಿ ಕಲಿತ ಕೆಲಸವನ್ನು ಸಂಸ್ಥೆ ಈಗ ಮನೆಯವರಿಗಾಗಿ ಮಾಡತೊಡಗಿತು. ಒಡೆಯರಪಾಳ್ಯದ ತಿಬೆಟನ್ ನೆಲೆಯ ಸುತ್ತಲಿನ ಹುತ್ತೂರು ಭಾಗದ ಹಳ್ಳಿಗಳು, ಹೊಳಲ್ಕೆರೆ, ಕೋಲಾರದ ಕಾಮಸಮುದ್ರ, ಹೆಗ್ಗಡದೇವನಕೋಟೆ, ಆಂಧ್ರದ ಮಡಕಶಿರ ಹೀಗೆ ಅದರ ಕಾರ್ಯಕ್ಷೇತ್ರ ಹಬ್ಬಿತು. ಮಡಕಶಿರ ಎಂದರೆ ನಮ್ಮ ಮಧುಗಿರಿ, ಶಿರಾ, ಪಾವಗಡಗಳ ಗಡಿಗೆ ತಾಗಿಕೊಂಡ ತಾಲ್ಲೂಕು. ಅಲ್ಲಿ ಕನ್ನಡ ಮಾತಾಡುವ ಊರುಗಳು ಬೇಕಾದಷ್ಟಿವೆ, ಇಲ್ಲಿಂದ ಅಲ್ಲಿಗೆ ಹೆಣ್ಣು ಕೊಟ್ಟು ತಂದುಕೊಳ್ಳುವುದು ಹಿಂದಿನಿಂದ ಬಂದದ್ದು.

ಮೊದಲು ಮೈರಾಡ ತನಗೆ ಗೊತ್ತಿದ್ದ ದಾರಿಯನ್ನೇ ಹಿಡಿಯಿತು: ದೊಡ್ಡ ಸಹಕಾರ ಸಂಘ. ತಿಬೆಟನ್ನರಲ್ಲಿ ಅದು ನಡೆದಿತ್ತು. ಎಲ್ಲರೂ ಒಂದೇ ದಿಕ್ಕಿನಿಂದ ಬಂದವರು, ಒಬ್ಬ ಗುರುವಿನ ಮಾತಿಗೆ ಕಟ್ಟುಬಿದ್ದವರು, ನೆಲವೂ ಹೆಚ್ಚುಕಮ್ಮಿ ಸಮಪಾಲು. ನಮ್ಮ ಹಳ್ಳಿಯಲ್ಲಿ ಜಾತಿಯುಂಟು, ಗೌಡರ ಮನೆಯುಂಟು, ಪಾರ್ಟಿಯುಂಟು. 1984-85ರ ಹೊತ್ತಿಗೆ ಈ ಸಹಕಾರ ಸಂಘಗಳಲ್ಲಿ ಹಲವು ಮುರಿದುಬಿದ್ದವು. ಅಧ್ಯಕ್ಷನ ಕುರ್ಚಿ ಒಂದೇ ಮನೆಯಲ್ಲಿ ಬಿಡಾರ ಹೂಡಿತ್ತು.

ಸೋಲಿನ ಈ ಗಳಿಗೆಯಲ್ಲೇ ಕಥೆ ತಿರುಗುವುದು. ಸದಸ್ಯರು ಸಣ್ಣ ಸಣ್ಣ ಗುಂಪಾಗಿ ಮೈರಾಡದ ಬಳಿಗೆ ಬಂದು, ನಿಮ್ಮಿಂದ ತಂದ ಸಾಲ ನಿಮಗೇ ತೀರಿಸುತ್ತೇವೆ, ಆ ಸಂಘಕ್ಕೆ ಮಾತ್ರ ಕಟ್ಟುವುದಿಲ್ಲ ಎಂದರು. ಸಂಸ್ಥೆಯ ಉತ್ತರ: ನಮಗೆ ಕಟ್ಟಬೇಡಿ, ನಿಮ್ಮ ನಿಮ್ಮ ಗುಂಪಿಗೇ ಕಟ್ಟಿಕೊಳ್ಳಿ. ಹೀಗೆ ಒಬ್ಬರನ್ನೊಬ್ಬರು ನಂಬುವವರ ಗುಂಪು ಮೂಡಿತು. ಕೆಲವು ಒಂದೇ ಕಸುಬಿನವರದು, ಕೆಲವು ಒಂದೇ ಕೇರಿಯವರದು, ಕೆಲವು ಹೆಂಗಸರದೇ. ವಾರಕ್ಕೊಮ್ಮೆ ಸೇರುವುದು, ಉಳಿಸುವುದು, ತಮ್ಮೊಳಗೇ ಸಾಲ ಕೊಟ್ಟುಕೊಳ್ಳುವುದು, ಲೆಕ್ಕ ಬರೆಯುವುದು. ಬಡ್ಡಿ ಎಷ್ಟು, ತಪ್ಪಿದರೆ ದಂಡ ಎಷ್ಟು ಎಂಬುದನ್ನು ಹೊರಗಿನವರು ಹೇಳಲಿಲ್ಲ, ಗುಂಪೇ ಗೊತ್ತುಮಾಡಿತು. ಒಂದೆರಡು ವರ್ಷದಲ್ಲಿ ಇಂಥವು ಸುಮಾರು 300 ಆದವು.

ನಬಾರ್ಡ್ 1987ರಲ್ಲಿ ಈ ಪ್ರಯೋಗಕ್ಕೆ 10 ಲಕ್ಷ ರೂಪಾಯಿ ಅನುದಾನ ಕೊಟ್ಟಿತು. ಸ್ವಸಹಾಯ ಸಂಘ ಎಂಬ ಹೆಸರು ನಿಂತದ್ದು ಆ ಸುಮಾರಿಗೇ. ಅಡವಿಲ್ಲದೆ, ನೋಂದಣಿಯಿಲ್ಲದ ಗುಂಪಿಗೆ ಬ್ಯಾಂಕ್ ಸಾಲ ಕೊಡುವುದೆಂದರೆ ಆಗಿನ ಮ್ಯಾನೇಜರುಗಳಿಗೆ ನಡುಕ. ರಿಸರ್ವ್ ಬ್ಯಾಂಕ್ ಒಪ್ಪಿದ ಮೇಲೆ 1992ರಲ್ಲಿ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಾಯೋಗಿಕ ಯೋಜನೆ ದೇಶದಲ್ಲಿ ಶುರುವಾಯಿತು. ಬಂಗಾರಪೇಟೆ ಕಡೆಯ ಮಹಿಳಾ ಸಂಘಗಳು ಹೀಗೆ ಸಾಲ ಪಡೆದ ಮೊದಲಿಗರ ಸಾಲಿನಲ್ಲಿದ್ದವು. ಕರ್ನಾಟಕ ಸರ್ಕಾರ 2000-01ರಲ್ಲಿ ಸ್ತ್ರೀಶಕ್ತಿ ತಂದಿತು, ಆಮೇಲೆ ಸಂಜೀವಿನಿ ಬಂತು. ಇಷ್ಟಾದ ಮೇಲೆ ಪುರವರದ ಜಗಲಿಯ ಮೇಲೆ ಚಾಪೆ ಹಾಸಿದ್ದರಲ್ಲಿ ಆಶ್ಚರ್ಯವಿಲ್ಲ.

ಹೀಗೆ ಮೈರಾಡದಂಥ ಸಂಸ್ಥೆ ನಡುವೆ ನಿಲ್ಲದ ಕಡೆಯೂ ರಾಜ್ಯದಲ್ಲಿ ನಿರಾಶ್ರಿತರು ಬಂದು ನೆಲೆಸಿದ್ದಾರೆ. ಸಿಂಧನೂರಿನ ಆರ್‌ಎಚ್ ಕ್ಯಾಂಪ್‌ಗಳೆಂದರೆ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿಗಳ ಊರು. ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯಲ್ಲಿ ಅರ್ಧ ಶತಮಾನದಿಂದ ಇದ್ದು, ರಾಯಚೂರು ಕನ್ನಡವನ್ನು ನಿರರ್ಗಳವಾಗಿ ಆಡುವ ಅವರಲ್ಲಿ ಕೆಲವರ ಕೈಗೆ ಪೌರತ್ವ ತಿದ್ದುಪಡಿ ಕಾಯ್ದೆಯಡಿ ಪ್ರಮಾಣಪತ್ರ ಬಂದದ್ದು 2024ರಲ್ಲಿ. ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ ಅರಣ್ಯ ಅಭಿವೃದ್ಧಿ ನಿಗಮ ಕೆಲಸ ಕೊಟ್ಟ ಶ್ರೀಲಂಕಾ ತಮಿಳರದು ಮತ್ತೊಂದು ಕಥೆ. ಅವರು 1964ರ ಸಿರಿಮಾವೋ-ಶಾಸ್ತ್ರಿ ಒಪ್ಪಂದದಡಿ ಮರಳಿದವರು, ಕಾಗದದಲ್ಲಿ ನಿರಾಶ್ರಿತರೇ ಅಲ್ಲ.

ಇತ್ತ ಬೈಲಕುಪ್ಪೆ ಹಳ್ಳಿಯಾಗಿ ಉಳಿಯಲಿಲ್ಲ. ಪೆನೊರ್ ರಿನ್‌ಪೊಚೆ 1963ರಲ್ಲಿ ಕಟ್ಟತೊಡಗಿದ ನಾಮ್‌ಡ್ರೋಲಿಂಗ್ ಮಠದ ಸ್ವರ್ಣ ಮಂದಿರ 1999ರಲ್ಲಿ ತೆರೆದ ಮೇಲೆ, ಮಡಿಕೇರಿಗೆ ಹೊರಟ ಪ್ರತಿ ಟೆಂಪೊ ಟ್ರಾವೆಲರ್ ಅಲ್ಲಿ ನಿಲ್ಲುವುದು ಕಡ್ಡಾಯವೆಂಬಂತಾಗಿದೆ. ಸೆರಾ ಮಠದ ಸಾವಿರಾರು ಸನ್ಯಾಸಿಗಳಿದ್ದಾರೆ. ತ್ಸೊ-ಜೆ ಖಾಂಗ್ಸಾರ್ ಆಸ್ಪತ್ರೆಗೆ, ಅತ್ತ ಮುಂಡಗೋಡದ ಡಿಟಿಆರ್ ಆಸ್ಪತ್ರೆಗೆ ಸುತ್ತಲಿನ ಕನ್ನಡಿಗರೂ ಚೀಟಿ ಮಾಡಿಸುತ್ತಾರೆ. ಮಂದಿರ ಇರುವುದು ಮೈಸೂರು ಜಿಲ್ಲೆಯಲ್ಲಿ. ಕಾವೇರಿ ದಾಟಿದರೆ ಕುಶಾಲನಗರ, ಕೊಡಗು ಜಿಲ್ಲೆ. ಲಾಡ್ಜು, ಹೋಟೆಲು, ಬಸ್ ನಿಲ್ದಾಣ ಅಲ್ಲಿವೆ. ಒಂದೇ ಪೇಟೆಯಂತೆ ಬೆಳೆದ ಈ ಎರಡು ದಡಗಳಿಗೆ ಎರಡು ತಾಲ್ಲೂಕು, ಇಬ್ಬರು ಜಿಲ್ಲಾಧಿಕಾರಿಗಳು, ಈ ಕಡೆ ಗ್ರಾಮ ಪಂಚಾಯಿತಿ, ಆ ಕಡೆ ಪಟ್ಟಣದ ಆಡಳಿತ, ನಡುವೆ ತಿಬೆಟನ್ ಆಡಳಿತದ ಕೇಂದ್ರವಾದ ಧರ್ಮಶಾಲಾದ ಕಡೆ ಮುಖಮಾಡಿದ ಸೆಟ್ಲ್‌ಮೆಂಟ್ ಕಚೇರಿ.

ಕಾಗದದ ಮಟ್ಟದಲ್ಲಿ ಹೊಂದಾಣಿಕೆಗೆ ಯತ್ನಗಳು ನಡೆದಿವೆ. ಕೇಂದ್ರ ಗೃಹ ಇಲಾಖೆ 2014ರಲ್ಲಿ ತಂದ ತಿಬೆಟನ್ ಪುನರ್ವಸತಿ ನೀತಿ ಈ ನೆಲವನ್ನು 20 ವರ್ಷಕ್ಕೆ ಗುತ್ತಿಗೆ ಕೊಟ್ಟು, ರಸ್ತೆ, ನೀರು, ವಿದ್ಯುತ್, ಪಡಿತರ, ಉದ್ಯೋಗ ಖಾತ್ರಿಯಂಥವನ್ನು ನೆಲೆಗಳಿಗೂ ಒದಗಿಸಿ ಎಂದು ರಾಜ್ಯಗಳಿಗೆ ಹೇಳಿತು. 2015-16ರಿಂದ ವರ್ಷಕ್ಕೆ 8 ಕೋಟಿಯಂತೆ ಕೇಂದ್ರದ ಅನುದಾನವೂ ತಿಬೆಟನ್ ಪರಿಹಾರ ಸಮಿತಿಗೆ ಹೋಗತೊಡಗಿತು. ಮತದಾನದ ವಿಷಯ ಇನ್ನೂ ತೊಡಕು. 1950ರಿಂದ 1987ರ ನಡುವೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿತು, ಮರುವರ್ಷ ಚುನಾವಣಾ ಆಯೋಗ ಅಂಥವರನ್ನು ಪಟ್ಟಿಗೆ ಸೇರಿಸಿ ಎಂದಿತು. 2017ರಲ್ಲಿ ಪಾಸ್‌ಪೋರ್ಟ್ ಕೊಡುವ ಮಾತು ಬಂದಾಗ ಮಾತ್ರ ನೋಂದಣಿ ಪತ್ರ ಹಿಂದಿರುಗಿಸಿ, ನೆಲೆಯಲ್ಲಿ ವಾಸ ಬಿಡಿ ಎಂಬ ಷರತ್ತುಗಳು ಜೊತೆಗೆ ಬಂದವು. ಪಂಚಾಯಿತಿಯಲ್ಲಿ ಓಟಿಲ್ಲದ ಜನರ ಬೀದಿಗೆ ಚರಂಡಿ ಮಾಡಿಸಲು ಸದಸ್ಯನಿಗೆ ಅವಸರವೇನಿರುತ್ತದೆ?

ಹೊರಗಿನ ಜಗತ್ತು ಇದೇ ಗಂಟು ಬಿಚ್ಚಲು ಬೇರೆ ಬಗೆ ಹಿಡಿದಿದೆ. ಉಗಾಂಡ ನಿರಾಶ್ರಿತರಿಗೆ ಉಳಲು ನೆಲ ಕೊಡುತ್ತದೆ. ಬರುವ ನೆರವಿನಲ್ಲಿ ನೂರಕ್ಕೆ 30ರಷ್ಟು ಸುತ್ತಲಿನ ಸ್ಥಳೀಯರಿಗೆ ಸಲ್ಲಬೇಕು ಎಂಬುದು ಅಲ್ಲಿನ ಪದ್ಧತಿ. ಕೆನ್ಯಾದ ಕಾಕುಮಾ ಶಿಬಿರದ ಪಕ್ಕದ ಕಲೋಬೆಯಿಯನ್ನು ನಿರಾಶ್ರಿತರೂ ಅಲ್ಲಿನ ತುರ್ಕಾನಾ ಜನರೂ ಒಂದೇ ಶಾಲೆ, ಒಂದೇ ಮಾರುಕಟ್ಟೆ ಬಳಸುವಂತೆ ರೂಪಿಸಿದರು. 2018ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆ ಒಪ್ಪಿದ ಜಾಗತಿಕ ನಿರಾಶ್ರಿತ ಒಡಂಬಡಿಕೆಯೂ ಆಶ್ರಯ ಕೊಟ್ಟ ಊರನ್ನು ಮರೆಯಬೇಡಿ ಎನ್ನುತ್ತದೆ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿಯನ್ನೇ ಹಾಕಿಲ್ಲ. ಆದರೂ ಕೊಟ್ಟ ನೆಲ, ಹಾಕಿದ ದುಡ್ಡು, ಕಲಿತ ಪಾಠ ಬೇಲಿ ದಾಟಿ ಸ್ಥಳೀಯರಿಗೆ ತಲುಪಿದ ದೊಡ್ಡ ನಿದರ್ಶನ ನಮ್ಮಲ್ಲೇ ಇದೆ. ತಲುಪಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು, ಅದೂ ಯಾರೂ ಮೊದಲೇ ಹಾಕಿಟ್ಟ ಯೋಜನೆಯಿಂದಲ್ಲ.

ಬೈಲಕುಪ್ಪೆಯ ಎಳೆಯರಲ್ಲಿ ಅನೇಕರು ಈಗ ಬೆಂಗಳೂರು ಸೇರುತ್ತಾರೆ, ಇನ್ನು ಕೆಲವರು ಅಮೆರಿಕ, ಯುರೋಪಿಗೆ ಹೋಗುತ್ತಾರೆ. ಚಳಿಗಾಲಕ್ಕೆ ಲೂಧಿಯಾನದಿಂದ ಸ್ವೆಟರ್ ತಂದು ಊರೂರಿನ ಬೀದಿಬದಿಯಲ್ಲಿ ಮಾರುವ ಹಿರಿಯರ ಕಸುಬು ಅವರಿಗೆ ಬೇಡ. ಇತ್ತ ರಜಾದಿನಗಳಲ್ಲಿ ಹೆದ್ದಾರಿಯ ವಾಹನ ಸಾಲು ಬೆಳೆಯುತ್ತಲೇ ಇದೆ. ಕಸ, ಕೊಳಚೆ, ಪಾರ್ಕಿಂಗ್ ಯಾರ ಪಾಲಿಗೆ ಎಂಬ ಎಳೆದಾಟ ಮುಗಿಯುವಂತಿಲ್ಲ. ಅರವತ್ತರ ದಶಕದಲ್ಲಿ ರಾಜ್ಯ, ಕೇಂದ್ರ, ಸ್ವಿಸ್ ತಜ್ಞರು, ತಿಬೆಟನ್ ಮುಖಂಡರು ಒಂದು ಕಡೆ ಕೂತು ಕೆಲಸ ಹಂಚಿಕೊಂಡಂತೆ, ಈಗ ಎರಡು ಜಿಲ್ಲೆಗಳು, ಪಂಚಾಯಿತಿ, ಕುಶಾಲನಗರದ ಆಡಳಿತ, ಮಠಗಳು, ಸೆಟ್ಲ್‌ಮೆಂಟ್ ಕಚೇರಿ ಕೂಡಿ ಕೂರಬೇಕಾಗಿದೆ. ಆ ಸಭೆಯನ್ನು ಹೊಳೆಯ ಯಾವ ದಡದಲ್ಲಿ ಕರೆಯಬೇಕು ಎಂಬುದೇ ಮೊದಲ ತಕರಾರಾದರೂ ಆದೀತು.