ತಲೆಮೇಲೆ ಪುಸ್ತಕದ ಗಂಟು ಹೊತ್ತ ಸಾಲಿ ಮಾಸ್ತರು

ಹಾವೇರಿ: ಅಂಗಡಿಗೆ ಗಿರಾಕಿ ಬರದಿದ್ರೆ ಏನು ಮಾಡಬೇಕು? ಗಿರಾಕಿ ಇದ್ದಲ್ಲಿಗೇ ಮಾಲು ಹೊತ್ತುಕೊಂಡು ಹೋಗಬೇಕು. ಸೀರೆ ಮಾರೋರು, ಪಾತ್ರೆ ಮಾರೋರು ಹಳ್ಳಿ ಹಳ್ಳಿ ಸುತ್ತುವುದು ಇದಕ್ಕೇ. ಆದರೆ ಕಾದಂಬರಿ ಬರೆದವರೇ ಅದನ್ನು ಗಂಟು ಕಟ್ಟಿ, ತಲೆಮೇಲೆ ಹೊತ್ತು, ಊರೂರು ತಿರುಗಿ ಮಾರಿದ್ದುಂಟೇ? ಉಂಟು. ಅವರೇ ಗಳಗನಾಥ ಮಾಸ್ತರು.

ನಿಜ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. ಹುಟ್ಟಿದ್ದು 1869ರಲ್ಲಿ, ವರದಾ ನದಿ ತುಂಗಭದ್ರೆಯನ್ನು ಕೂಡುವ ಗಳಗನಾಥದಲ್ಲಿ. ಊರ ಹೆಸರೇ ಕಾವ್ಯನಾಮ ಆಯಿತು. ಹೊಟ್ಟೆಪಾಡಿಗೆ ಹಿಡಿದದ್ದು ಸಾಲಿ ಮಾಸ್ತರಿಕೆ.

ಮರಾಠಿಯ ಕಾಲ

ಆಗ ಧಾರವಾಡ ಸೀಮೆ ಮುಂಬಯಿ ಇಲಾಖೆಗೆ ಸೇರಿತ್ತು. ಓದುಬರಹ ಬಲ್ಲವರಲ್ಲಿ ಮರಾಠಿಯದೇ ಜೋರು. ಕಾದಂಬರಿಯ ರುಚಿ ಬೇಕೆಂದರೆ ಮರಾಠಿ ಪುಸ್ತಕವೇ ಗತಿ. ಇಂಥ ಹೊತ್ತಿನಲ್ಲಿ ಧಾರವಾಡದಲ್ಲಿ 1890ರಲ್ಲಿ ವಿದ್ಯಾವರ್ಧಕ ಸಂಘ ಹುಟ್ಟಿತು. ಮಾಸ್ತರರ ‘ಪ್ರಬುದ್ಧ ಪದ್ಮನಯನೆ’ಗೆ ಸಂಘದ ಬಹುಮಾನ ಬಂತು. ಮುಂದೆ ನೌಕರಿಗೆ ಶರಣು ಹೊಡೆದು ಬರವಣಿಗೆಯನ್ನೇ ನಂಬಿದರು. ತಿಂಗಳ ಪಗಾರ ಬಿಟ್ಟು ಕನ್ನಡ ಪುಸ್ತಕ ನೆಚ್ಚೋದು ಆ ಕಾಲಕ್ಕೆ ಹುಡುಗಾಟವಲ್ಲ.

ಮರಾಠಿಯ ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. 1565ರಲ್ಲಿ ವಿಜಯನಗರ ಬಿದ್ದ ಕತೆ ‘ಕನ್ನಡಿಗರ ಕರ್ಮಕಥೆ’ ಆಯಿತು. ಅದೇ ರಾಜ್ಯ ವಿದ್ಯಾರಣ್ಯರ ಕಾಲದಲ್ಲಿ ಎದ್ದ ಬಗೆಯನ್ನು ‘ಮಾಧವ ಕರುಣಾ ವಿಲಾಸ’ದಲ್ಲಿ ಹೇಳಿದರು. ನಮಗೂ ಒಂದು ದೊಡ್ಡ ರಾಜ್ಯ ಇತ್ತು ಅನ್ನೋದು ಎಷ್ಟೋ ಮನೆಗಳಿಗೆ ತಿಳಿದದ್ದು ಈ ಪುಸ್ತಕಗಳಿಂದ.

ನಡೆದಾಡುವ ಅಂಗಡಿ

ಅಗಡಿಯ ಆನಂದವನದಿಂದ ಹೊರಟ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಗೂ ದುಡಿದರು. ಅದು ಕನ್ನಡ ಓದದಿದ್ದ ಮನೆಗಳ ಬಾಗಿಲನ್ನೂ ತಟ್ಟಿತು. ಆದರೆ ಪುಸ್ತಕ ಅಚ್ಚಾದರೆ ಸಾಕೇ? ಕೊಳ್ಳೋರು ಬೇಕಲ್ಲ! ಇವತ್ತಿನ ಹಾಗೆ ತಾಸಿಗೊಂದು ಬಸ್ಸಿಲ್ಲ, ಊರಿಗೊಂದು ಪುಸ್ತಕದಂಗಡಿಯಿಲ್ಲ. ಮಾಸ್ತರರು ಗಂಟು ಹೊತ್ತು ನಡೆದೇ ಬಿಟ್ಟರು. ಬರೆದವರೂ ಅವರೇ, ಹಮಾಲರೂ ಅವರೇ, ವ್ಯಾಪಾರಿಯೂ ಅವರೇ.

ಮಾಸ್ತರರು ತೀರಿಕೊಂಡದ್ದು 1942ರಲ್ಲಿ. ಕನ್ನಡ ಸೀಮೆ ಒಂದಾದದ್ದು 1956ರಲ್ಲಿ; ಅದನ್ನು ನೋಡುವ ಯೋಗ ಅವರಿಗಿರಲಿಲ್ಲ. ಆದರೂ ಒಂದಾಗಬೇಕೆಂಬ ಆಸೆ ಹುಟ್ಟಿದ ಮನೆಗಳಲ್ಲಿ ಅವರ ಗಂಟಿನಿಂದ ಇಳಿದ ಪುಸ್ತಕಗಳೂ ಇದ್ದವು. ಸಂತೆಗೆ ಬಂದವರು ವಾಚನಾಲಯದ ಮೆಟ್ಟಿಲು ಹತ್ತಿ ಗಳಗನಾಥರ ಪುಸ್ತಕ ಕೇಳಲಿ. ಮಾಸ್ತರರು ಮೈಲುಗಟ್ಟಲೆ ಹೊತ್ತು ತಂದದ್ದನ್ನು ನಾವು ಮನೆತನಕ ಒಯ್ಯಲಾರೆವೇ?