ಸವೆಯಲೆಂದೇ ಎರೆದ ಲೋಹ

ಫೋರ್ಡ್ ಮಾಡೆಲ್ ಟಿ ಕಾರಿನ ಎಂಜಿನ್ ತಳದಲ್ಲಿ ಒಂದು ಮುಚ್ಚಳವಿದೆ. ಕಾರಿನಡಿ ಮಲಗಿ ಅದರ ಬೋಲ್ಟುಗಳನ್ನು ಬಿಚ್ಚಿದರೆ ಕನೆಕ್ಟಿಂಗ್ ರಾಡುಗಳ ಬುಡ ಕೈಗೆ ಸಿಗುತ್ತದೆ. ಹಳೆಯ ಮಾಡೆಲ್ ಟಿ ಕೊಂಡವರು ಬಣ್ಣ, ಸೀಟು, ಹಿತ್ತಾಳೆ ದೀಪಗಳಿಗಿಂತ ಮೊದಲು ನೋಡಬೇಕಾದ ಜಾಗ ಇದು. ಮುಚ್ಚಳದಲ್ಲಿ ನಿಂತ ಎಣ್ಣೆಯನ್ನು ಬೆರಳಿಗೆ ಹಚ್ಚಿಕೊಂಡು ಬಿಸಿಲಿಗೆ ಹಿಡಿಯಿರಿ. ಬೆಳ್ಳಿ ಬಣ್ಣದ ಚೂರುಗಳು ಮಿನುಗಿದರೆ ಬೇರಿಂಗ್ ಉದುರುತ್ತಿದೆ ಎಂದೇ ಅರ್ಥ.

ಹಾಗೆ ಉದುರುವುದು ಬ್ಯಾಬಿಟ್ ಎಂಬ ಲೋಹ. ನಮ್ಮ ಮೆಕ್ಯಾನಿಕ್‌ಗಳು ವೈಟ್ ಮೆಟಲ್ ಎನ್ನುತ್ತಾರೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಐಸಾಕ್ ಬ್ಯಾಬಿಟ್ 1839ರಲ್ಲಿ ರೂಪಿಸಿದ ಮಿಶ್ರಲೋಹ ಇದು. ಇದರಲ್ಲಿ ಹೆಚ್ಚಿನ ಪಾಲು ತವರ. ಜೊತೆಗೆ ಸ್ವಲ್ಪ ಆಂಟಿಮನಿ, ಸ್ವಲ್ಪ ತಾಮ್ರ. ಈಗಿನ ಕಾರುಗಳಲ್ಲಿ ಬೇರಿಂಗ್ ಎಂದರೆ ಬಳೆಯನ್ನು ಎರಡು ಹೋಳು ಮಾಡಿದಂಥ ತೆಳ್ಳನೆಯ ತಗಡು. ಸವೆದರೆ ಅಂಗಡಿಯಿಂದ ತಂದು ಕೂರಿಸಿದರಾಯಿತು. ಮಾಡೆಲ್ ಟಿ ಎಂಜಿನ್ನಿಗೆ ಆ ಅನುಕೂಲವಿಲ್ಲ. ಕರಗಿಸಿದ ಬ್ಯಾಬಿಟ್ಟನ್ನು ಎಂಜಿನ್ ಬ್ಲಾಕಿನೊಳಕ್ಕೇ ಎರೆದು, ಆರಿದ ಮೇಲೆ ಕೊರೆದು, ಬೇರಿಂಗನ್ನು ಅಲ್ಲಿಯೇ ಹುಟ್ಟಿಸುತ್ತಿದ್ದರು.

1908ರಿಂದ 1927ರವರೆಗೆ ಇಂಥ ಕಾರುಗಳು ಒಂದೂವರೆ ಕೋಟಿಗೂ ಹೆಚ್ಚು ತಯಾರಾದವು. ಎಂಜಿನ್ 2.9 ಲೀಟರಿನದು, ನಾಲ್ಕು ಸಿಲಿಂಡರ್, ಶಕ್ತಿ ಬರೀ 20 ಅಶ್ವಶಕ್ತಿ. ಕಾರಿನ ತಯಾರಿಕೆ ನಿಂತ ಮೇಲೂ ಈ ಎಂಜಿನ್ನನ್ನು 1941ರವರೆಗೆ ಮಾಡುತ್ತಿದ್ದರು. ಅದಕ್ಕೇ ಇಂದಿಗೂ ಅದರ ಬ್ಲಾಕುಗಳು ಸಿಗುತ್ತವೆ, ರಿಪೇರಿಯ ವಿದ್ಯೆಯೂ ಉಳಿದುಕೊಂಡಿದೆ.

ಉಕ್ಕಿನ ಕ್ರ್ಯಾಂಕ್‌ಶಾಫ್ಟ್ ತಿರುಗುವ ಜಾಗಕ್ಕೆ ಇಷ್ಟು ಮೆತ್ತನೆಯ ಲೋಹವೇಕೆ? ಎತ್ತಿನ ಗಾಡಿ ಓಡಿಸಿದವರಿಗೆ ಅರ್ಧ ಉತ್ತರ ಗೊತ್ತಿದೆ. ಅಚ್ಚಿಗೂ ಗುಂಬಕ್ಕೂ ನಡುವೆ ಕೀಲೆಣ್ಣೆ ಇರುವವರೆಗೆ ಗಾಡಿ ಸದ್ದಿಲ್ಲದೆ ಉರುಳುತ್ತದೆ. ಎಂಜಿನ್ನಿನಲ್ಲೂ ಹಾಗೆಯೇ. ಶಾಫ್ಟ್ ವೇಗವಾಗಿ ತಿರುಗುವಾಗ ಅಂಟಿಕೊಂಡ ಎಣ್ಣೆಯನ್ನು ತಾನೇ ಸಂದಿಗೆ ಎಳೆದುಕೊಳ್ಳುತ್ತದೆ. ಎಣ್ಣೆ ಅಲ್ಲಿ ಬೆಣೆಯಂತೆ ಸಿಕ್ಕಿಕೊಂಡು ಶಾಫ್ಟನ್ನು ಎತ್ತಿ ಹಿಡಿಯುತ್ತದೆ. ಆಗ ಲೋಹ ಲೋಹವನ್ನು ಮುಟ್ಟುವುದೇ ಇಲ್ಲ.

ಈ ಸಂಗತಿ ಗೊತ್ತಾದದ್ದು ಆಕಸ್ಮಿಕವಾಗಿ. 1880ರ ದಶಕದ ಮೊದಲ ವರ್ಷಗಳಲ್ಲಿ ಇಂಗ್ಲೆಂಡಿನ ಬೋಷಾಂಪ್ ಟವರ್ ಎಂಬ ಎಂಜಿನಿಯರ್ ರೈಲಿನ ಬೇರಿಂಗುಗಳ ಘರ್ಷಣೆಯನ್ನು ಅಳೆಯುತ್ತಿದ್ದರು. ಎಣ್ಣೆ ಬಿಡಲು ಬೇರಿಂಗಿನ ನೆತ್ತಿಯಲ್ಲಿ ತೂತು ಕೊರೆಸಿದರೆ, ಎಣ್ಣೆ ಒಳಗೆ ಇಳಿಯುವ ಬದಲು ಮೇಲಕ್ಕೆ ಉಕ್ಕಿತು. ಬಿರಡೆ ಜಡಿದರು, ಎಣ್ಣೆ ಅದನ್ನೂ ಹೊರಕ್ಕೆ ದಬ್ಬಿತು. ಒತ್ತಡಮಾಪಕ ಇಟ್ಟು ನೋಡಿದರೆ ಬೇರಿಂಗಿನ ಮೇಲಿದ್ದ ಸರಾಸರಿ ಒತ್ತಡದ ಸುಮಾರು ಎರಡರಷ್ಟು ಒತ್ತಡ ಆ ಎಣ್ಣೆಯಲ್ಲಿತ್ತು. 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತದ ವಿವರಣೆ ಕೊಟ್ಟರು. ಬೇರಿಂಗುಗಳ ವಿನ್ಯಾಸ ಇಂದಿಗೂ ಅದೇ ಸಮೀಕರಣದ ಮೇಲೆ ನಿಂತಿದೆ.

ಹಾಗಾದರೆ ಬ್ಯಾಬಿಟ್ಟಿನ ಕೆಲಸವೇನು? ಎಣ್ಣೆಯ ಪದರ ಇಲ್ಲದ ಗಳಿಗೆಗಳನ್ನು ಕಾಯುವುದು. ಎಂಜಿನ್ ಶುರುವಾಗುವಾಗ, ನಿಲ್ಲುವಾಗ, ಎಣ್ಣೆಯಲ್ಲಿ ಮರಳಿನ ಕಣ ಬಂದಾಗ ಶಾಫ್ಟು ಬೇರಿಂಗನ್ನು ಮುಟ್ಟುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೆತ್ತನೆಯ ತವರದ ನಡುವೆ ತವರ ಮತ್ತು ಆಂಟಿಮನಿ ಸೇರಿ ಆದ ಗಟ್ಟಿ ಹರಳುಗಳು ಕಾಣುತ್ತವೆ. ಭಾರ ಹೊರಲು ಹರಳುಗಳು ನೆರವಾಗುತ್ತವೆ. ಮೆತ್ತನೆಯ ತವರ ಮರಳಿನ ಕಣವನ್ನು ತನ್ನೊಳಗೆ ಹೂತುಕೊಂಡು ಶಾಫ್ಟಿಗೆ ಗೀರು ಬೀಳದಂತೆ ನೋಡಿಕೊಳ್ಳುತ್ತದೆ. ಕಾವು ಮಿತಿಮೀರಿದರೆ ತಾನು ಕರಗಿ ಹೋಗುತ್ತದೆ, ಬೆಲೆಬಾಳುವ ಕ್ರ್ಯಾಂಕ್‌ಶಾಫ್ಟ್ ಬದುಕಿಕೊಳ್ಳುವ ಸಂಭವ ಹೆಚ್ಚು.

ಮಾಡೆಲ್ ಟಿಯಲ್ಲಿ ಎಣ್ಣೆಯ ಪಂಪೇ ಇಲ್ಲ. ಹಿಂಬದಿಯ ಫ್ಲೈವೀಲ್ ಎಣ್ಣೆಯಲ್ಲಿ ಮುಳುಗಿ ತಿರುಗುತ್ತಾ ಅದನ್ನು ಎರಚುತ್ತದೆ. ಸಣ್ಣ ಆಲಿಕೆಯೊಂದು ಅದರಲ್ಲಿ ಒಂದಿಷ್ಟನ್ನು ಹಿಡಿದು ಕೊಳವೆಯ ಮೂಲಕ ಮುಂಭಾಗಕ್ಕೆ ಕಳಿಸುತ್ತದೆ. ಅಲ್ಲಿಂದ ಹಿಂದಕ್ಕೆ ಹರಿಯುವಾಗ ತೊಟ್ಟಿಗಳಲ್ಲಿ ನಿಂತ ಎಣ್ಣೆಗೆ ರಾಡುಗಳು ಅದ್ದಿ ಏಳುತ್ತವೆ. ಉದ್ದನೆಯ ಏರು ಹತ್ತುವಾಗ ಎಣ್ಣೆ ಹಿಂದಕ್ಕೆ ಸರಿದು ಮೊದಲನೆಯ ರಾಡು ಬಾಯಾರುತ್ತದೆ. ಅದಕ್ಕೇ ಆ ಬೇರಿಂಗನ್ನು ಹೆಚ್ಚು ಅನುಮಾನದಿಂದ ನೋಡಬೇಕು.

ಕ್ರ್ಯಾಂಕ್‌ಶಾಫ್ಟನ್ನು ಹೊರುವ ಮೂರು ಮುಖ್ಯ ಬೇರಿಂಗುಗಳಲ್ಲಿ ಹಿಂದಿನದಕ್ಕೆ ಇನ್ನೊಂದು ಹೊಣೆಯಿದೆ. ಕ್ರ್ಯಾಂಕ್‌ಶಾಫ್ಟ್ ಹಿಂದೆ ಮುಂದೆ ಜರುಗದಂತೆ ತಡೆಯುವುದೂ ಅದೇ. ಫ್ಲೈವೀಲಿನ ಮೇಲೆ ಕುದುರೆ ಲಾಳದಂಥ 16 ಅಯಸ್ಕಾಂತಗಳಿವೆ. ಅವುಗಳ ಎದುರಿಗೆ, ಒಂದು ಮಿಲಿಮೀಟರಿಗಿಂತ ಕಡಿಮೆ ಅಂತರದಲ್ಲಿ, ಕಿಡಿಗೆ ಬೇಕಾದ ವಿದ್ಯುತ್ತನ್ನು ಹುಟ್ಟಿಸುವ ಸುರುಳಿಗಳಿವೆ. ಬೇರಿಂಗಿನ ಪಕ್ಕದ ಅಂಚು ಸವೆದರೆ ಶಾಫ್ಟ್ ಜರುಗಿ ಈ ಅಂತರ ಕೆಡುತ್ತದೆ. ಮೊದಲು ಕಿಡಿ ಸೊರಗುತ್ತದೆ, ಕೊನೆಗೆ ಅಯಸ್ಕಾಂತವೇ ಸುರುಳಿಗೆ ಉಜ್ಜುತ್ತದೆ. ಕಾರು ಸರಿಯಾಗಿ ಸ್ಟಾರ್ಟ್ ಆಗುತ್ತಿಲ್ಲವೆಂದು ವೈರುಗಳನ್ನು ಎಷ್ಟು ತಡಕಿದರೂ, ದೋಷ ಒಂದು ತುಂಡು ತವರದಲ್ಲಿರುತ್ತದೆ.

ಹೊಸದಾಗಿ ಎರೆಯುವ ಕೆಲಸ ನಿಧಾನದ್ದು. ಹಳೆಯ ಲೋಹವನ್ನು ಕರಗಿಸಿ ತೆಗೆದು, ಬ್ಲಾಕನ್ನು ತೊಳೆದು, ಬಿರುಕು ಇದೆಯೇ ಎಂದು ಹುಡುಕಬೇಕು. ಉಕ್ಕಿನ ರಾಡುಗಳಿಗೆ ಪಾತ್ರೆಗೆ ಹಾಕುವಂತೆಯೇ ಕಲಾಯಿ ಹಾಕುತ್ತಾರೆ, ಬ್ಯಾಬಿಟ್ ಅದಕ್ಕೆ ಬೆಸೆದುಕೊಳ್ಳುತ್ತದೆ. ಎರಕದ ಕಬ್ಬಿಣದ ಬ್ಲಾಕಿಗೆ ಕಲಾಯಿ ಸುಲಭವಾಗಿ ಹಿಡಿಯದು, ಅದರಲ್ಲಿರುವ ಗ್ರ್ಯಾಫೈಟ್ ಅಡ್ಡ ಬರುತ್ತದೆ. ಅಲ್ಲಿ ಕೊರೆದ ಕುಳಿಗಳಲ್ಲಿ ಲೋಹ ಬೇರು ಬಿಟ್ಟಂತೆ ಇಳಿದು ಹಿಡಿದುಕೊಳ್ಳುತ್ತದೆ. ಶಾಫ್ಟಿನ ಜಾಗದಲ್ಲಿ ಇಡುವ ಉಕ್ಕಿನ ದಂಡಕ್ಕೆ ದೀಪದ ಮಸಿ ಹಿಡಿಸುತ್ತಾರೆ, ಲೋಹ ಅಂಟದಿರಲೆಂದು. ಬ್ಲಾಕನ್ನೂ ಚೆನ್ನಾಗಿ ಕಾಯಿಸಿರಬೇಕು. ತಣ್ಣನೆಯ ಕಬ್ಬಿಣಕ್ಕೆ ಎರೆದರೆ ಲೋಹ ಪದರ ಪದರವಾಗಿ ಹೆಪ್ಪುಗಟ್ಟುತ್ತದೆ.

ಕಾವು ಅಳೆಯಲು ಹಳಬರ ಬಳಿ ಒಣ ಪೈನ್ ಕಡ್ಡಿಯಿತ್ತು. ಕರಗಿದ ಲೋಹದಲ್ಲಿ ಅದ್ದಿದಾಗ ಕಡ್ಡಿ ಕಪ್ಪಾಗಬೇಕು, ಹೊತ್ತಿಕೊಳ್ಳಬಾರದು. ಹದ ಬಂದ ಮೇಲೆ ಧಾರೆ ಕಡಿಯದಂತೆ ಒಂದೇ ಸಲಕ್ಕೆ ಎರೆಯಬೇಕು. ಒಂದು ಹನಿ ನೀರು ಸೇರಿದರೂ ಕರಗಿದ ಲೋಹ ಸಿಡಿಯುತ್ತದೆ. ಮುಖಕ್ಕೆ ರಕ್ಷೆ, ಗಾಳಿಯಾಡುವ ಜಾಗ, ಪಳಗಿದ ಕೈ ಇಲ್ಲದೆ ಯಾರೂ ಇದಕ್ಕೆ ಇಳಿಯಬಾರದು.

ಆರುವಾಗ ಲೋಹ ಕುಗ್ಗುತ್ತದೆ. ಸುತ್ತಿಗೆಯಿಂದ ಬಡಿದು ಅದನ್ನು ಮತ್ತೆ ಬಿಗಿಗೊಳಿಸಿ, ಮೂರೂ ಮುಖ್ಯ ಬೇರಿಂಗುಗಳನ್ನು ಒಂದೇ ನೇರಕ್ಕೆ ಕೊರೆಯುತ್ತಾರೆ. ಕೊನೆಯದು ಕೈಕೆಲಸ. ಶಾಫ್ಟಿಗೆ ನೀಲಿ ಬಣ್ಣ ಸವರಿ ತಿರುಗಿಸಿ, ಬಣ್ಣ ಅಂಟಿದ ಉಬ್ಬುಗಳನ್ನು ಸ್ಕ್ರೇಪರಿನಿಂದ ಕೆರೆದು, ಮತ್ತೆ ತಿರುಗಿಸಿ, ಮತ್ತೆ ಕೆರೆಯಬೇಕು. ಉಳಿಯಬೇಕಾದ ಸಂದಿ ಸುಮಾರು 0.04 ಮಿಲಿಮೀಟರ್, ಕೂದಲಿನ ದಪ್ಪದ ಅರ್ಧದಷ್ಟು.

ಇಷ್ಟು ಪಾಡೇಕೆ, ಬ್ಲಾಕನ್ನು ಕೊರೆದು ಈಗಿನ ತಗಡು ಬೇರಿಂಗನ್ನೇ ಕೂರಿಸಬಾರದೇ ಎಂದು ಕೇಳುವವರಿದ್ದಾರೆ. ಕೂರಿಸಬಹುದು. ದಿನವೂ ನೂರಾರು ಕಿಲೋಮೀಟರ್ ಓಡಿಸುವವರಿಗೆ ಅದೇ ಸರಿ. ಆದರೆ ಹಾಗೆ ಕೊರೆದ ಬ್ಲಾಕಿನಿಂದ ಮೂಲದ ಕಬ್ಬಿಣ ಶಾಶ್ವತವಾಗಿ ಹೋಗುತ್ತದೆ. ಎರೆದ ಬೇರಿಂಗನ್ನಾದರೆ ಕರಗಿಸಿ ಎಷ್ಟು ಸಲ ಬೇಕಾದರೂ ಮತ್ತೆ ಎರೆಯಬಹುದು. ಇದರಲ್ಲಿ ಲೋಹ ಬದಲಾದರೂ ಎಂಜಿನ್ ಮೂಲದ್ದೇ, ಏಕೆಂದರೆ ಹೀಗೆ ಬದಲಾಯಿಸುವುದನ್ನು ಲೆಕ್ಕಕ್ಕೆ ಹಿಡಿದೇ ಅದನ್ನು ಕಟ್ಟಿದ್ದಾರೆ. ಅಪರೂಪಕ್ಕೆ ಮೆರವಣಿಗೆಗೆ ಹೊರಡುವ ಕಾರಿಗೆ ಬ್ಯಾಬಿಟ್ಟೇ ತಕ್ಕದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. ಇದು ಸತ್ತ ವಿದ್ಯೆಯೂ ಅಲ್ಲ. ಜಲವಿದ್ಯುತ್ ಕೇಂದ್ರಗಳಲ್ಲಿ ಟನ್ನುಗಟ್ಟಲೆ ಭಾರದ ಯಂತ್ರಗಳು ಇಂದಿಗೂ ವೈಟ್ ಮೆಟಲ್ ಬೇರಿಂಗುಗಳ ಮೇಲೆ ತಿರುಗುತ್ತಿವೆ.

ನಿಮ್ಮ ಮನೆಯ ಕೊಟ್ಟಿಗೆಯಲ್ಲಿ ಅಜ್ಜನ ಕಾಲದ ಎಂಜಿನ್ ಬಿದ್ದಿದ್ದರೆ ಅದನ್ನು ಗುಜರಿಯವನಿಗೆ ತೂಗಿ ಕೊಡಬೇಡಿ. ಹ್ಯಾಂಡಲ್ ಹಾಕಿ ತಿರುಗಿಸುವ ಆತುರವೂ ಬೇಡ. ಪ್ಲಗ್ ಬಿಚ್ಚಿ ಸಿಲಿಂಡರುಗಳಿಗೆ ತೆಳು ಎಣ್ಣೆ ಬಿಟ್ಟು ಕೆಲವು ದಿನ ನೆನೆಯಲು ಬಿಡಿ. ಬೇರಿಂಗ್ ಕ್ಯಾಪುಗಳನ್ನು ಬಿಚ್ಚಿದರೆ ಯಾವುದು ಯಾವ ಜಾಗದ್ದು, ಯಾವ ಮುಖ ಮುಂದಿತ್ತು ಎಂದು ಗುರುತು ಹಾಕಿಡಿ. ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ.