ಬಳ್ಳಿಗಾವೆಯ ಬಹುಮತೀಯ ಪರಂಪರೆ: ಶಾಸನಗಳ ಹಿನ್ನೆಲೆಯಲ್ಲಿ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಇಂದು ಒಂದು ಸಾಮಾನ್ಯ ಗ್ರಾಮ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಅದು ಬನವಾಸಿ ಪನ್ನಿರ್ಚ್ಛಾಸಿರದ ಆಡಳಿತ ಕೇಂದ್ರವಾಗಿತ್ತು. ಶಾಸನಗಳು ಅದನ್ನು 'ಅನಾದಿ ರಾಜಧಾನಿ'ಯೆಂದು ಕರೆದಿವೆ. ಬಿ.ಎಲ್. ರೈಸ್ ಅವರು 1902ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ 7ನೆಯ ಸಂಪುಟದಲ್ಲಿ ಈ ಊರಿನ ಶಾಸನಗಳು ಸೇರಿವೆ. ಹರಿ, ಹರ, ಬ್ರಹ್ಮ, ಜಿನ, ಬುದ್ಧರಿಗೆ ಸಂಬಂಧಿಸಿದ ಐದು ಮಠಗಳು ಇಲ್ಲಿದ್ದುವೆಂಬ ಶಾಸನೋಕ್ತಿಯನ್ನು ಆಧರಿಸಿ ಬಳ್ಳಿಗಾವೆಯನ್ನು ಸರ್ವಧರ್ಮ ಸಮನ್ವಯದ ನೆಲೆಯೆಂದು ಬಣ್ಣಿಸುವುದು ರೂಢಿಯಾಗಿದೆ. ಈ ವರ್ಣನೆ ತಪ್ಪಲ್ಲವಾದರೂ ಅಪೂರ್ಣವಾದುದು.

ಕ್ರಿ.ಶ. 1036ರ ಶಾಸನವು ಪಂಚಲಿಂಗ ದೇವಾಲಯದ ಕಾಳಾಮುಖ ಆಚಾರ್ಯ ಲಕುಲೀಶ್ವರ ಪಂಡಿತನನ್ನು ಬೌದ್ಧ, ಮೀಮಾಂಸಕ, ಲೋಕಾಯತ, ಸಾಂಖ್ಯರನ್ನು ವಾದದಲ್ಲಿ ಮುರಿದವನೆಂದು ಹೊಗಳುತ್ತದೆ. ಇದು ಪ್ರಶಸ್ತಿಯ ಅತಿಶಯೋಕ್ತಿ ಇರಬಹುದು. ಆದರೆ ಎದುರಾಳಿಗಳೇ ಇಲ್ಲದೆಡೆ ಇಂತಹ ಬಿರುದಿಗೆ ಬೆಲೆಯಿರದು. ದಾನಿಗಳ ವರ್ತನೆ ಇದಕ್ಕಿಂತ ಭಿನ್ನ. 1047ರಲ್ಲಿ ಜಗದೇಕಮಲ್ಲೇಶ್ವರನ ಮುಂದೆ ಗಂಡಭೇರುಂಡ ಸ್ತಂಭವನ್ನು ನಿಲ್ಲಿಸಿದ ಚಾವುಂಡರಾಯರಸನೇ ಮರುವರ್ಷ ಜೈನ ಬಸದಿಗೆ ದತ್ತಿ ಬಿಟ್ಟನು. 1065ರಲ್ಲಿ ದಂಡನಾಯಕ ರೂಪಭಟ್ಟಯ್ಯನು ಬೌದ್ಧ ವಿಹಾರವನ್ನು ಕಟ್ಟಿಸಿ ತಾರಾಭಗವತಿ, ಲೋಕೇಶ್ವರ, ಬುದ್ಧರೊಡನೆ ಕೇಶವನ ಪೂಜೆಗೂ ದತ್ತಿಯನ್ನಿತ್ತನು. ಒಂದೇ ವಿಹಾರದ ದತ್ತಿಯಲ್ಲಿ ಕೇಶವನಿಗೂ ಪಾಲಿರುವುದು ಗಮನಾರ್ಹ. 1068ರಲ್ಲಿ ಮರದಿಂದ ಕಟ್ಟಿದ್ದ ಮಲ್ಲಿಕಾಮೋದ ಶಾಂತಿನಾಥ ಬಸದಿಯು ಕಲ್ಲಿನ ಕಟ್ಟಡವಾಯಿತು. ಅದನ್ನು ಮಾಡಿಸಿದವನು ಲಕ್ಷ್ಮಣರಸ, ಪ್ರೇರೇಪಿಸಿದವನು 'ಸುಕುಮಾರಚರಿತೆ'ಯ ಕವಿ ಶಾಂತಿನಾಥ. ಮತಾಚಾರ್ಯರು ವಾದಕ್ಕೆ ನಿಂತಲ್ಲಿ ಅಧಿಕಾರಿಗಳು ಎಲ್ಲ ಮತಗಳಿಗೂ ಕೈನೀಡಿದ್ದಾರೆ. ವಿಶಾಲವಾದ ನಾಡನ್ನು ಆಳುವವರಿಗೆ ಇದು ಭಕ್ತಿಯಷ್ಟೇ ಆಡಳಿತದ ಅಗತ್ಯವೂ ಆಗಿದ್ದಿತೆನ್ನಬೇಕು.

ವಾದವು ಅಧ್ಯಯನವನ್ನೂ ಬೇಡುತ್ತದೆ. ಕಳಚುರಿ ಬಿಜ್ಜಳನ ಕಾಲದ 1162ರ ಶಾಸನವು ಕಾಳಾಮುಖರ ಕೋಡಿಯ ಮಠವನ್ನು ವರ್ಣಿಸುವಾಗ, ಅಲ್ಲಿ ನಾಲ್ಕು ವೇದಗಳು, ಲಾಕುಳ ಸಿದ್ಧಾಂತ, ಪಾತಂಜಲ ಯೋಗಗಳ ಜೊತೆಗೆ ಜೈನನಾದ ಶಾಕಟಾಯನನ ವ್ಯಾಕರಣ ಹಾಗೂ ಬೌದ್ಧ ದರ್ಶನಗಳನ್ನೂ ಬೋಧಿಸಲಾಗುತ್ತಿತ್ತೆಂದು ಹೇಳುತ್ತದೆ. ಕುರುಡರು, ಕುಂಟರು, ಕಿವುಡರಿಗೆ ಅನ್ನದಾನವೂ ರೋಗಿಗಳಿಗೆ ಚಿಕಿತ್ಸೆಯೂ ಅಲ್ಲಿ ನಡೆಯುತ್ತಿತ್ತು. ಕ್ಷಪಣಕರು ಸೇರಿದಂತೆ ನಾನಾ ಪಂಥಗಳ ಸನ್ಯಾಸಿಗಳಿಗೆ ಆಶ್ರಯವಿತ್ತು. ಪರಮತವನ್ನು ಖಂಡಿಸಿದ ಪರಂಪರೆಯೇ ಪರಮತದ ಶಾಸ್ತ್ರವನ್ನು ಪಾಠ ಹೇಳುತ್ತಿದ್ದುದು ಬಳ್ಳಿಗಾವೆಯ ವಿಶೇಷ. ಅಲ್ಲಮಪ್ರಭುವಿನ ಜನ್ಮಸ್ಥಳ ಇದೇ ಊರೆಂಬ ಪ್ರತೀತಿಯನ್ನೂ ಇಂತಹ ವಾದಭೂಮಿಯ ಹಿನ್ನೆಲೆಯಲ್ಲಿಟ್ಟು ನೋಡುವುದು ಉಚಿತ.

ಕೇದಾರೇಶ್ವರ, ತ್ರಿಪುರಾಂತಕೇಶ್ವರ ದೇವಾಲಯಗಳು ಇಂದಿಗೂ ನಿಂತಿವೆ. ರೂಪಭಟ್ಟಯ್ಯನ ವಿಹಾರವಾಗಲಿ ಲಕ್ಷ್ಮಣರಸನ ಬಸದಿಯಾಗಲಿ ಉಳಿದಿಲ್ಲ. ಹೀಗಾಗಿ ಉಳಿದ ಕಟ್ಟಡಗಳನ್ನಷ್ಟೇ ನೋಡಿದವರಿಗೆ ಬಳ್ಳಿಗಾವಿ ಶೈವಕ್ಷೇತ್ರವಾಗಿ ಮಾತ್ರ ತೋರುತ್ತದೆ. ಉಳಿದ ಮತಗಳ ಚರಿತ್ರೆಗೆ ಶಾಸನಗಳೇ ಮುಖ್ಯ ಆಧಾರ.